ಹಗ್ಗದ ಮೇಲೆ ಎಂಟು ಲಂಗೋಟಿ

ನನ್ನ ತಮ್ಮನಿಗೆ ಎರಡೂವರೆ ವರ್ಷ ತುಂಬುವ ತನಕ ಅವನ ಒಂದೇ ಒಂದು ಅರಿವೆಯೂ ನಮ್ಮ ಮನೆಯ ಹಗ್ಗದ ಮೇಲೆ ಒಣಗಿದ್ದಿಲ್ಲ. ನಾವು ಔರಾದ ತಾಲ್ಲೂಕಿನ ಎಕಂಬಾದಲ್ಲಿದ್ದಾಗ ಆಯಿ, ಅಂದರೆ ನಮ್ಮಪ್ಪನ ತಾಯಿ, ಹಾಗೆ ಕಟ್ಟಳೆ ಮಾಡಿದ್ದಳು. ನನಗೂ ಅವನಿಗೂ ನಡುವೆ ಇಬ್ಬರು ಹುಟ್ಟಿ, ಇಬ್ಬರೂ ಹಲ್ಲು ಮೂಡುವ ಮೊದಲೇ ಹೋಗಿಬಿಟ್ಟಿದ್ದರು. ಅದಕ್ಕೇ ಇವನು ಹುಟ್ಟಿದಾಗ ತೊಟ್ಟಿಲು ಕಟ್ಟಲಿಲ್ಲ, ತಲೆಗೆ ಕುಲಾಯಿ ಹೊಲಿಯಲಿಲ್ಲ. ತಿಪ್ಪೆಯಿಂದ ಎತ್ತಿ ತಂದಂಥ ಒಂದು ಹೆಸರಿಟ್ಟರು. ಅದನ್ನು ನಾನು ಬರೆಯುವುದಿಲ್ಲ.

ಅವನಿಗೆ ಕಟ್ಟುವ ಚಿಂದಿಯನ್ನು ಆಯಿ ಐದಾರು ಮನೆಗಳಲ್ಲಿ ಬೇಡಿ ತರುತ್ತಿದ್ದಳು. ಒಮ್ಮೆ ಕಟ್ಟಿದ್ದನ್ನು ಮತ್ತೆ ಕಟ್ಟುವಂತಿರಲಿಲ್ಲ. ಒದ್ದೆಯಾದದ್ದನ್ನೆಲ್ಲ ಬುಟ್ಟಿಯಲ್ಲಿ ಕೂಡಿಟ್ಟು, ದಿನಕ್ಕೊಮ್ಮೆ ಊರ ಹೊರಗಿನ ಹಳ್ಳಕ್ಕೆ ಬಿಟ್ಟು, ಹಿಂದೆ ತಿರುಗಿ ನೋಡದೆ ಬರುತ್ತಿದ್ದಳು.

"ತೊಳದು ಒಣಾ ಹಾಕಿದ್ರ ಈ ಮನ್ಯಾಗ ಕೂಸ ಅದ ಅಂತ ಗೊತ್ತಾಗ್ತದ," ಎನ್ನುತ್ತಿದ್ದಳು.

"ಯಾರಿಗ ಗೊತ್ತಾಗ್ತದ ಆಯಿ?" ಎಂದು ಕೇಳಿದರೆ ಒಲೆಯ ಬೂದಿ ಕೆದಕುತ್ತ ಕೂತುಬಿಡುತ್ತಿದ್ದಳು.

ಬೀದರ ಮೈಸೂರು ರಾಜ್ಯಕ್ಕೆ ಸೇರುವ ವರ್ಷ ಅಪ್ಪನಿಗೆ ಔರಾದದ ಕಚೇರಿಯಿಂದ ಬೀದರಕ್ಕೆ ಬದಲಿಯಾಯಿತು. ಉರ್ದುವಿನಲ್ಲಿದ್ದ ದಫ್ತರುಗಳನ್ನು ಕನ್ನಡಕ್ಕೆ ಇಳಿಸುವ ಕೆಲಸ. ಹಳೆಯ ಊರಿನ ಒಂದು ಓಣಿಯಲ್ಲಿ, ಕೆಂಪು ಕಲ್ಲಿನ ವಾಡೆಯ ಹಿಂಭಾಗದ ಎರಡು ಕೋಣೆ ನಮಗೆ ಸಿಕ್ಕವು. ಹಿತ್ತಲಲ್ಲಿ ಒಂದು ಬಾವಿ. ಅದರೊಳಗೆ ಕಲ್ಲು ಹಾಕಿದರೆ ಸಪ್ಪಳ ಬರುವಷ್ಟರಲ್ಲಿ ಕಲ್ಲು ಹಾಕಿದ್ದೇ ಮರೆತುಹೋಗಬೇಕು, ಅಷ್ಟು ಆಳ.

ಊರಿಂದ ಗಂಟು ಕಟ್ಟಿ ತಂದಿದ್ದ ಚಿಂದಿ ಹದಿನೈದು ದಿನಕ್ಕೆ ಮುಗಿಯಿತು. ಗುರುತಿಲ್ಲದ ಊರಲ್ಲಿ ಬೇಡುವುದು ಯಾರ ಮನೆಯಲ್ಲಿ? ಬಿಡಲು ಹಳ್ಳವೆಲ್ಲಿ? ಆಯಿ ಓಣಿಯ ಮೋರಿಗೆ ಹಾಕಿದಳು, ಮೋರಿ ಕಟ್ಟಿಕೊಂಡಿತು. ವಾಡೆಯ ಒಡತಿ, ನಾವು ಖಾಲಾ ಎಂದು ಕರೆಯುತ್ತಿದ್ದ ಮುದುಕಿ, ಕೋಲಿನ ತುದಿಗೆ ಒಂದು ಚಿಂದಿ ಸಿಕ್ಕಿಸಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಏನ್ ಬೇಟಿ, ನಿಮ್ಮನ್ಯಾಗ ಕೂಸ ಅದನೋ ಹೋರಿ ಅದನೋ? ಇಷ್ಟು ದೊಡ್ಡ ಹುಡುಗಗ ಇಷ್ಟೇ ಇಷ್ಟು ಚಿಂದಿ ಕಟ್ಟಿದ್ರ ಹ್ಯಾಂಗ ತಡೀತದ?"

"ನಮ್ಮ ಪದ್ಧತಿ ಹಂಗದರಿ ಖಾಲಾ," ಎಂದಳು ಅವ್ವ, ತಲೆ ತಗ್ಗಿಸಿ.

"ಪದ್ಧತಿ ನಿಂದು, ಮೋರಿ ನಂದು. ಒಂದು ಹಳೀ ಧೋತರ ತಾ ಇಲ್ಲಿ."

ಅಪ್ಪನ ಹಳೆಯ ಧೋತರವನ್ನು ಖಾಲಾ ತಾನೇ ಆರು ತುಂಡು ಹರಿದಳು. ದೊಡ್ಡ ಕೂಸಿಗೆ ಮುಂದೆ ಒಂದೇ ಗಂಟು ಹಾಕಿದರೆ ಓಡುವಾಗ ಜಾರುತ್ತದೆಂದು ಸೊಂಟದ ಎರಡೂ ಬದಿಗೆ ಒಂದೊಂದು ಗಂಟು ಹಾಕಿದಳು. ನಡುವೆ ನಾಲ್ಕು ಮಡಿಕೆಯ ಪಟ್ಟಿಯಿಟ್ಟಳು. ತಮ್ಮ ಕಾಲು ಅಗಲಿಸಿಕೊಂಡು ಬಾತುಕೋಳಿಯಂತೆ ನಡೆದ. ಅವ್ವ ಬಹಳ ದಿನಕ್ಕೆ ನಕ್ಕಳು. ಆಯಿ ಮಾತ್ರ ಆ ಅರಿವೆಗಳನ್ನು ಮುಟ್ಟಲಿಲ್ಲ.

"ಕಟ್ಟೂದು ಕಟ್ಟಿದಿ. ಹಿತ್ತಲದಾಗ ಒಣಾ ಹಾಕು. ಗ್ವಾಡಿ ಮ್ಯಾಲಿನ ಬಿಸಲು ಹೋಗೂದ್ರಾಗ ಒಳಗ ಬರಬೇಕು," ಎಂದಳು ಅವ್ವನಿಗೆ. ತರುವ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಒಂಬತ್ತು ವರ್ಷ.

ದಿನಾ ಆರು ಹಾಕುತ್ತಿದ್ದಳು ಅವ್ವ. ದಿನಾ ಆರು ತರುತ್ತಿದ್ದೆ. ರಾಜ್ಯಕ್ಕೆ ಸೇರಿದ ದಿನ ಸಾಲೆಯಲ್ಲಿ ಸಕ್ಕರೆ ಹಂಚಿ, ನಮ್ಮನ್ನು ಸಾಲು ಹಿಡಿಸಿ ಬೀದಿ ಸುತ್ತಿಸಿದರು. ಅಂಗೈ ನೆಕ್ಕುತ್ತ ಮನೆಗೆ ಬಂದಾಗ ಗೋಡೆಯ ಮೇಲೆ ಬಿಸಿಲು ಇರಲಿಲ್ಲ.

ಹಿತ್ತಲಿಗೆ ಓಡಿದೆ. ತಮ್ಮ ಹಗ್ಗದ ಕೆಳಗೆ ನಿಂತಿದ್ದ. ಒಂದು ಅರಿವೆಯ ಅಂಚು ಹಿಡಿದು ಮುಖ ಮುಚ್ಚಿಕೊಳ್ಳುವುದು, ತೆಗೆದು ನಗುವುದು. ನಾನು ಅವನ ಹಿಂದಿದ್ದೆ. ಅವನು ನನಗಾಗಿ ಆಡುತ್ತಿರಲಿಲ್ಲ. ಮುಖ ತೆಗೆದಾಗಲೆಲ್ಲ ನೆಲಕ್ಕಿಂತ ಗೇಣು ಮೇಲೆ ನೋಡುತ್ತಿದ್ದ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಗಾಳಿಯೇ ಇರಲಿಲ್ಲ. ಹಗ್ಗದ ಮೇಲಿನ ಅರಿವೆಗಳು ಮಾತ್ರ ಒಂದಾದ ಮೇಲೊಂದು, ಯಾರೋ ಕೆಳಗೆ ತೆವಳಿಕೊಂಡು ಹೋದ ಹಾಗೆ, ಅಂಚು ಅಲುಗಿಸುತ್ತಿದ್ದವು.

"ಬಾ," ಎಂದ ತಮ್ಮ.

ಅಲ್ಲಿಯ ತನಕ ಅವನಿಗೆ ಮಾತು ಬಂದಿರಲಿಲ್ಲ. ಬಾವಿಯೊಳಗಿಂದಲೂ "ಬಾ" ಎಂದು ಬಂತು, ಸ್ವಲ್ಪ ತಡವಾಗಿ.

ಕೈಗೆ ಸಿಕ್ಕದ್ದನ್ನೆಲ್ಲ ಎಳೆದುಕೊಂಡು, ಅವನನ್ನು ದರದರ ಎಳೆಯುತ್ತ ಒಳಗೆ ಬಂದೆ. ಅವ್ವ ಮಡಿಚಲು ಕೂತಳು. ಆರು ಮಡಿಚಿದ ಮೇಲೆ ಅವಳ ಕೈ ನಿಂತಿತು. ಮಡಿಲಲ್ಲಿ ಇನ್ನೆರಡು ಇದ್ದವು. ಸಣ್ಣವು, ಎಳೆಗೂಸಿಗೆ ಕಟ್ಟುವಂಥವು. ಆರೂ ಗರಿಗರಿ ಒಣಗಿದ್ದವು, ಇವೆರಡರಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದರ ತುದಿಗೆ ಹಸಿರು ಅಂಚು. ಅವಳ ತವರು ಭಾಲ್ಕಿಯಿಂದ ಮೊದಲ ಬಸುರಿನ ಕುಬಸಕ್ಕೆ ಬಂದ ಸೀರೆಯದು. ಆ ಸೀರೆಯನ್ನು ಆಮೇಲೆ ಹರಿದು ಯಾರಿಗೆ ಕಟ್ಟಿದ್ದಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅತ್ತೀ, ಇವನ್ನ ನೀವು ಇಟಗೊಂಡಿದ್ರಿ?"

"ನನ್ನ ಕೈಯಾರೆ ಹಳ್ಳಕ್ಕ ಬಿಟ್ಟೇನಿ. ಇಬ್ಬರವೂ," ಎಂದಳು ಆಯಿ. ಹಿತ್ತಲ ಬಾಗಿಲಿನ ಅಗುಳಿ ಹಾಕಿ ಬಂದು, "ಅವಕ್ಕ ಮನಿ ಗೊತ್ತಾಯ್ತು," ಎಂದಳು. ಬಿಸಿಲು ಹೋದ ಮೇಲೆ ತಂದೆನೆಂದು ನಾನು ಬಾಯಿ ಬಿಡಬೇಕಾಗಲಿಲ್ಲ. ನನ್ನ ಮುಖವೇ ಹೇಳಿತ್ತು.

ದೀಪ ಹಚ್ಚುವ ಹೊತ್ತಿಗೆ ತಮ್ಮನ ಮೈ ಕಾದಿತ್ತು. ಬೆಳಗಾದರೂ ಇಳಿಯಲಿಲ್ಲ. ಅಪ್ಪ ಡಾಕ್ಟರನ್ನು ಕರೆತರಲು ಹೋದ. "ಆ ಎರಡನ್ನ ಸುಡು. ಕರೀಲಾಕ ಬಂದಾವ ಅವು," ಎಂದು ಆಯಿ ಬೆಂಕಿಪೆಟ್ಟಿಗೆ ಮುಂದಿಟ್ಟಳು. ಅವ್ವ ತಮ್ಮನನ್ನು ನೋಡಿದಳು, ಬೆಂಕಿಪೆಟ್ಟಿಗೆ ನೋಡಿದಳು, ಆ ಎರಡು ಅರಿವೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ನಾನು ಬಾಗಿಲಲ್ಲಿ ನಿಂತೆ.

ಅವಳು ಅಷ್ಟು ಆಳದಿಂದ ನೀರು ಸೇದಿದಳು. ಅಂಟವಾಳದ ನೊರೆಯಲ್ಲಿ ಎರಡನ್ನೂ ಒಗೆದಳು, ಕೂಸಿನ ಮೈ ತಿಕ್ಕುವ ಹಾಗೆ ಮೆಲ್ಲಗೆ. ಝಾಡಿಸಿ ಹಗ್ಗದ ಮೇಲೆ ಹಾಕಿ, ಅದರ ಕೆಳಗೆ ಕುಕ್ಕುರುಗಾಲಲ್ಲಿ ಕೂತು, ನೆಲಕ್ಕಿಂತ ಗೇಣು ಮೇಲೆ ನೋಡುತ್ತ ಮಾತಾಡಿದಳು.

"ನಿಮ್ಮ ಅರಿವಿ ತೊಳದು ಹಾಕೇನಿ. ದಿನಾ ಹಾಕ್ತೇನಿ. ಮುಚ್ಚಿಟ್ಟಿದ್ದು ನಮ್ಮ ತಪ್ಪು. ನಿಮ್ಮ ತಮ್ಮ ಅವ, ಇಲ್ಲೇ ಆಡ್ರಿ. ಕರಕೊಂಡ ಮಾತ್ರ ಹೋಗಬ್ಯಾಡ್ರಿ."

ಅರಿವೆಗಳು ಅಲುಗಲಿಲ್ಲ. ಮಧ್ಯಾಹ್ನಕ್ಕೆ ಅವು ಒಣಗಿದವು. ಡಾಕ್ಟರ ಔಷಧಿಯೂ ಅಷ್ಟೊತ್ತಿಗೆ ಹೊಟ್ಟೆಗೆ ಹೋಗಿತ್ತು. ತಮ್ಮ ಬೆವತು, ಎದ್ದು ಕೂತು, ರೊಟ್ಟಿ ಕೇಳಿದ.

ಅಂದಿನಿಂದ ಹಗ್ಗದ ಮೇಲೆ ಎಂಟು. ಖಾಲಾ ಎಣಿಸಿರಬೇಕು. ಆಯಿ ಹಿತ್ತಲಿಗೆ ಹೋಗುವುದನ್ನು ಬಿಟ್ಟಳು. ನಾನು ಬಿಸಿಲಿರುವಾಗಲೇ ತರುತ್ತಿದ್ದೆ. ಯಾರೂ ಕಟ್ಟಿಕೊಳ್ಳದ ಆ ಎರಡು ಅರಿವೆ ದಿನಾ ಬೆಳಿಗ್ಗೆ ಮತ್ತೆ ಒದ್ದೆಯಾಗಿರುತ್ತಿದ್ದವು, ಅವ್ವ ಮತ್ತೆ ಒಗೆಯುತ್ತಿದ್ದಳು.

ಬೇಸಿಗೆಯಲ್ಲಿ ತಮ್ಮ ತಾನೇ ಹೇಳಿ ಹೊರಗೆ ಹೋಗುವುದನ್ನು ಕಲಿತ. ಒಂದು ದಿನ ಅವನ ಆರೂ ಅರಿವೆ ಮಡಿಚಿ ಇಟ್ಟಲ್ಲೇ ಉಳಿದವು. ಅವ್ವ ಎರಡನ್ನೇ ಹಾಕಿದಳು. ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ನಾನು ತರಲು ಹೋದೆ. ಹಗ್ಗ ಬರಿದಾಗಿತ್ತು. ಬಾವಿಕಟ್ಟೆ, ಮುಳ್ಳಿನ ಬೇಲಿ, ಖಾಲಾನ ಅಂಗಳ ಎಲ್ಲ ಹುಡುಕಿದೆ. ಹಗ್ಗದ ಕೆಳಗೆ ನೆಲ ಒಂದಿಷ್ಟು ಒದ್ದೆಯಿತ್ತು, ಅಷ್ಟೆ.

ಒಳಗೆ ಬಂದು ಹೇಳಿದೆ. ಅವ್ವ ಹೊಸ್ತಿಲ ಕಡೆ ನೋಡಿದಳು. ತಮ್ಮ ಅಲ್ಲಿ ಬರೀ ಚಡ್ಡಿಯಲ್ಲಿ ಕೂತು ಬೆಲ್ಲ ರೊಟ್ಟಿ ತಿನ್ನುತ್ತಿದ್ದ. ಅವಳು ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಹುಡಕಬ್ಯಾಡ ಬಿಡು," ಎಂದಳು. "ಅವರೂ ದೊಡ್ಡವರಾಗ್ಯಾರ."