ಎರಡನೇ ಪಂಕ್ತಿಯ ಹೂವಯ್ಯ

ಹೊಸನಗರದ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹೂವಯ್ಯನ ಬಗ್ಗೆ ನನಗಿರುವುದು ಶುದ್ಧ ಹೊಟ್ಟೆಕಿಚ್ಚು. ಅವನ ಪಕ್ಷ ಎಷ್ಟು ಸಣ್ಣದೆಂದರೆ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಸಭೆಯನ್ನು ಅಂಗಡಿಯ ಬೆಂಚಿನ ಮೇಲೆ ನಡೆಸಿದರೂ ಗಿರಾಕಿಗೆ ಜಾಗ ಉಳಿಯುತ್ತದೆ. ನಮ್ಮದು ದೊಡ್ಡ ಪಕ್ಷ. ಸಭೆಗೊಂದು ಶಾಮಿಯಾನ ಬೇಕು, ಜಗಳಕ್ಕೆ ಇನ್ನೊಂದು.

ಪದವೀಧರ ಕ್ಷೇತ್ರದ ಚುನಾವಣೆ ಬಂತು. ಅದರಲ್ಲಿ ಮತಪತ್ರದ ಮೇಲೆ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮ ಬರೆಯಬೇಕು. ನಮ್ಮ ಅಭ್ಯರ್ಥಿ ಗೆದ್ದರೆ ಪಕ್ಷದ ತಾಲೂಕು ಅಧ್ಯಕ್ಷಗಿರಿ ನನಗೇ ಎಂದು ನಮ್ಮ ಜಿಲ್ಲಾಧ್ಯಕ್ಷರು ಮಾತು ಕೊಟ್ಟಿದ್ದರು. ವರ್ಷಗಟ್ಟಲೆ ಮೈಕ್ ಹಿಡಿದು ನಿಂತವನಿಗೆ ಕೂರಲು ಕುರ್ಚಿ ಬೇಡವೇ? ಜೀಪಿನಲ್ಲಿ ಊರೂರು ಸುತ್ತಿ "ಒಂದು ನಮಗೆ" ಎಂದು ಕೂಗಿದೆ. ಹಿಂದಿನಿಂದ ಹೂವಯ್ಯ ಸ್ಕೂಟರಿನಲ್ಲಿ ಬರುತ್ತಿದ್ದ.

ನಮ್ಮ ಮನೆಗೂ ಬಂದ. "ಭಟ್ರೇ, ಮೊದಲ್ನೇ ಪಂಕ್ತಿಲಿ ನಿಮ್ಮೋರೇ ಕೂರ್ಲಿ. ನಮ್ಮೋರಿಗೆ ಎರಡನೇ ಪಂಕ್ತಿಲಿ ಒಂದೆಲೆ ಹಾಕಿ, ಸಾಕು."

ನಾನು ನಕ್ಕೆ. ನನ್ನ ಹೆಂಡತಿ ಅಪರ್ಣಾ ನಗಲಿಲ್ಲ, ಅವನಿಗೆ ಕಷಾಯ ಕೊಟ್ಟಳು. ಅವನು ಹೋದ ಮೇಲೆ, "ಪಾಪ, ಎರಡನೇದು ಮಾತ್ರ ಕೇಳ್ತಾ ಇದ್ದ. ಕೊಟ್ರೆ ಎಂತ ಆಗ್ತು?" ಎಂದಳು.

ಮನೆಮನೆಯಲ್ಲೂ ಯಾರೋ ಒಬ್ಬರು ಹಾಗೇ ಅಂದಿರಬೇಕು. ಬೇರೆ ತಾಲೂಕುಗಳಲ್ಲೂ ಹೂವಯ್ಯನಂಥವರು ಒಬ್ಬೊಬ್ಬರು ಇದ್ದರಂತೆ. ಇತ್ತ ನಮ್ಮವರೇ ಒಬ್ಬರು ಮುನಿಸಿಕೊಂಡು ಬಂಡಾಯ ನಿಂತು ನಮ್ಮ ಮತ ಒಡೆದರು. ಎಣಿಕೆಯಲ್ಲಿ ಯಾರಿಗೂ ಗೆಲ್ಲುವಷ್ಟು ಮೊದಲ ಮತ ಬರಲಿಲ್ಲ. ಕಡಿಮೆ ಬಂದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರದಲ್ಲಿ ಎರಡನೆಯ ಇಷ್ಟ ಯಾರಿಗಿದೆಯೋ ಅವರಿಗೆ ಹಂಚಿದರು. ಬಂಡಾಯದವರು ಹೋದರು, ಅವರ ಹಿಂದೆ ನಮ್ಮವರೂ ಹೋದರು. ಏಜೆಂಟನಾಗಿ ಕೂತಿದ್ದ ನನ್ನ ಕಣ್ಣೆದುರೇ ನಮ್ಮ ಮತಗಳ ಕಟ್ಟುಗಳು ಮದುವೆ ದಿಬ್ಬಣದ ಹಾಗೆ ಹೂವಯ್ಯನ ಪಕ್ಷದ ಮೇಜಿಗೆ ಹೊರಟವು. ಅವರು ಗೆದ್ದರು.

ಮರುದಿನ ಜಿಲ್ಲಾಧ್ಯಕ್ಷರ ಫೋನ್. ಬೈಗುಳಕ್ಕೆ ಸಿದ್ಧನಾಗಿದ್ದೆ.

"ಭಟ್ರೇ, ಆ ಹೂವಯ್ಯನ್ನ ನಮ್ಮ ಪಕ್ಷಕ್ಕೆ ಕರ್ಕೊಂಡ್ ಬನ್ನಿ. ತಾಲೂಕು ಅಧ್ಯಕ್ಷನ್ನ ಮಾಡಿಬಿಡೋಣ."

ಬೈದಿದ್ದರೇ ಚೆನ್ನಾಗಿತ್ತು. ನನ್ನ ಕುರ್ಚಿಯ ಮೇಲೆ ಅವನನ್ನು ಕೂರಿಸಲು ನಾನೇ ಹೋದೆ.

ಹೂವಯ್ಯ ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿದ್ದ. ವಿಷಯ ಕೇಳಿ, "ಅಯ್ಯೋ, ನಂಗೆ ಬ್ಯಾಡ ಮಾರಾಯ್ರೇ. ನೀವಿದೀರಲ್ಲ!" ಎಂದವನೇ, ಜಿಲ್ಲಾಧ್ಯಕ್ಷರಿಗೆ ಫೋನ್ ಹಚ್ಚಿ ನನ್ನ ಹೆಸರು ಹೇಳಿದ. ನಾನು ವರ್ಷಗಟ್ಟಲೆ ಕೇಳಿದ್ದನ್ನು ಅವರು ಅವನ ಒಂದೇ ಮಾತಿಗೆ ಒಪ್ಪಿದರು.

ಈಗ ನಾನು ತಾಲೂಕು ಅಧ್ಯಕ್ಷ. ನನಗೆ ಹಾರ ಹಾಕಲು ಬರುವವರು ದಾರಿಯಲ್ಲಿ ಅವನ ಅಂಗಡಿಗೆ ಹೊಕ್ಕು, "ನೀವು ಹೇಳಿದ್ಕೇ ಭಟ್ರಿಗೆ ಸಿಕ್ತಂತೆ, ಹೌದಾ?" ಎಂದು ವಿಚಾರಿಸುತ್ತಾರೆ. ಅವನು "ಇಲ್ಲಪ್ಪ, ಭಟ್ರು ದುಡಿದಿದ್ದಕ್ಕೆ ಸಿಕ್ತು" ಅನ್ನುತ್ತಾನಂತೆ.

ಅವರು ನನಗೆ ಹಾರ ಹಾಕುತ್ತಾ, ಹೂವಯ್ಯನದು ಎಂಥ ದೊಡ್ಡ ಮನಸ್ಸು ಎಂದು ಹೊಗಳುತ್ತಾರೆ.