ರೀಲು ಬಿಡದ ರೀಲಕ್ಕ

ಬೆಳಗಿನ ಐದೂಮುಕ್ಕಾಲು. ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ದಂಡೆಯ ಕಲ್ಲುಗೋಡೆಯ ಮೇಲೆ ನಿಂತ ಐವತ್ತೆಂಟರ ಮಹಿಳೆ ಗಾಳದ ಕೋಲನ್ನು ಹೆಗಲ ಮೇಲಿಂದ ಬೀಸುತ್ತಾರೆ. ದಾರದ ತುದಿಯ ಸೀಸದ ಗುಂಡು ಹಾರಿ, ದೂರದ ನೀರಿನಲ್ಲಿ ಗುಳುಕ್ಕೆನ್ನುತ್ತದೆ. ಆಮೇಲೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ರೀಲಿನ ಹಿಡಿಯನ್ನು ನಿಧಾನವಾಗಿ ತಿರುಗಿಸುತ್ತಾರೆ. ಕಟಕಟ ಸದ್ದು ಒಂದೇ ಲಯದಲ್ಲಿ ಬರುತ್ತದೆ. ಹದಿನೇಳನೆಯ ಸುತ್ತಿನಲ್ಲಿ ಮಾತ್ರ ಸಣ್ಣಗೆ ಎಡವುತ್ತದೆ. ನನಗೆ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

"ಏನಕ್ಕಾ, ಏನಾದ್ರೂ ಬಿತ್ತಾ?" ಎಂದು ವಾಕಿಂಗ್ ಹೊರಟವರೊಬ್ಬರು ಕೂಗುತ್ತಾರೆ.

"ಗಾಳನೇ ಕಟ್ಟಿಲ್ಲ ಸ್ವಾಮಿ, ಬೀಳೋಕೆ ಮೀನಿಗೇನು ಹುಚ್ಚಾ?"

ಇವರು ಮೀನು ಹಿಡಿಯಲು ಬಂದವರಲ್ಲ. ನಿನ್ನೆ ರಿಪೇರಿ ಮಾಡಿದ ರೀಲನ್ನು ಪರೀಕ್ಷಿಸಲು ಬಂದವರು. ಅಜ್ಜ, ಮುತ್ತಜ್ಜಂದಿರ ಕಾಲದ, ಬಿಡಿಭಾಗ ಎಲ್ಲೂ ಸಿಗದ ಗಾಳದ ರೀಲುಗಳಿಗೆ ಜೀವ ಕೊಡುವುದು ಇವರ ಕೆಲಸ. ಊರಿಗೆಲ್ಲ ಇವರು ರೀಲಕ್ಕ. "ರೀಲು ಬಿಡೋರು ಊರ ತುಂಬಾ ಇದ್ದಾರೆ. ರಿಪೇರಿ ಮಾಡೋಳು ನಾನೊಬ್ಬಳೇ" ಎಂದು ತಾವೇ ನಗುತ್ತಾರೆ.

ಕ್ಷೌರದಂಗಡಿಯ ಮೇಲಿನ ಒಂದೇ ಕೋಣೆ ಅವರ ಕಾರ್ಖಾನೆ. ಹತ್ತಡಿ ಉದ್ದ, ಎಂಟಡಿ ಅಗಲ. ಕಿಟಕಿಗೆ ತಾಗಿದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದಾರೆ. ಎಳ್ಳಿನಷ್ಟು ಚಿಕ್ಕ ತಿರುಪು ಬಿದ್ದರೂ ಕಾಣಬೇಕಲ್ಲ! ಪಕ್ಕದಲ್ಲಿ ಸೀಮೆಎಣ್ಣೆ ತುಂಬಿದ ತಟ್ಟೆ, ಸವೆದ ಹಲ್ಲುಜ್ಜುವ ಬ್ರಷ್ಷುಗಳು, ಮೊಟ್ಟೆ ಇಡುವ ರಟ್ಟಿನ ಟ್ರೇಗಳು. ರೀಲು ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಭಾಗ ಹೋಗುತ್ತದೆ. ಸಾಮಾನ್ಯ ರೀಲಿನಲ್ಲಿ ನಲವತ್ತರ ಆಸುಪಾಸು ಭಾಗಗಳಿರುತ್ತವೆ. ಬಿಚ್ಚಲು ಅರ್ಧ ಗಂಟೆ, ಜೋಡಿಸಲು ಒಮ್ಮೊಮ್ಮೆ ಎರಡು ದಿನ. ವಾರಕ್ಕೆ ಆರು ರೀಲು ಮುಗಿದರೆ ಅದು ಒಳ್ಳೆಯ ವಾರ.

ಹಳೆಯ ರೀಲುಗಳ ಬಗ್ಗೆ ಮಾತು ತೆಗೆದರೆ ಸಾಕು, ಅವರ ಮುಖವೇ ಬೇರೆಯಾಗುತ್ತದೆ. ಒಂದನ್ನು ಎತ್ತಿ ತೋರಿಸುತ್ತಾರೆ. ದಾರ ಒಂದೇ ಕಡೆ ಗುಡ್ಡೆಯಾಗದಂತೆ ಅದನ್ನು ಅತ್ತಿಂದಿತ್ತ ನಡೆಸುವ ಕೊಂಡಿ ಅದರಲ್ಲಿದೆ. ಕೊಂಡಿ ಓಡುವ ಸರಳಿನ ಮೇಲೆ ಹೋಗುವ ದಾರಿ, ಬರುವ ದಾರಿ ಎರಡನ್ನೂ ಒಂದರ ಮೇಲೊಂದು ಹಾಯುವಂತೆ ಕೊರೆದಿದ್ದಾರೆ. "ನಾಲ್ಕು ಕಡೆ ಕ್ರಾಸಿಂಗು. ಪೊಲೀಸಿಲ್ಲ, ಸಿಗ್ನಲ್ಲಿಲ್ಲ. ಒಂದು ದಿನಾನೂ ಡಿಕ್ಕಿ ಆಗಿಲ್ಲ ನೋಡಿ." ಇನ್ನೊಂದು ರೀಲು ಎಸೆಯುವಾಗ ಪಕ್ಕಕ್ಕೆ ಹೊರಳಿ, ಸುತ್ತುವಾಗ ಮತ್ತೆ ನೆಟ್ಟಗಾಗುತ್ತದೆ. "ಆಗೊಂದು ಮುಖ, ಈಗೊಂದು ಮುಖ. ನಮ್ಮ ಕೆಲವು ನೆಂಟರ ಹಾಗೆ."

ಈ ವಿದ್ಯೆಯನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಹತ್ತೊಂಬತ್ತು ವರ್ಷ ಅವರು ಗಡಿಯಾರದ ಕಾರ್ಖಾನೆಯಲ್ಲಿದ್ದರು. ಉಕ್ಕಿನ ಸ್ಪ್ರಿಂಗನ್ನು ಸುರುಳಿ ಸುತ್ತಿ ಡಬ್ಬಿಯೊಳಗೆ ಕೂರಿಸುವುದು ಅವರ ಕೆಲಸ, ದಿನಕ್ಕೆ ಮುನ್ನೂರು. ಕೀಲಿ ಕೊಡುವ ಗಡಿಯಾರ ಯಾರಿಗೂ ಬೇಡವಾದಾಗ ಕಾರ್ಖಾನೆಗೆ ಬೀಗ ಬಿತ್ತು. ಕೊನೆಯ ದಿನ ಮೇಸ್ತ್ರಿ, "ಗುಜರಿಯಿಂದ ಒಬ್ಬೊಬ್ಬರು ಒಂದೊಂದು ಡಬ್ಬ ತಗೊಳ್ಳಿ" ಎಂದರಂತೆ. ಬೇರೆಯವರು ಹಿತ್ತಾಳೆಗೆ ಕೈ ಹಾಕಿದರು. ಇವರು ಸ್ಪ್ರಿಂಗಿನ ಡಬ್ಬ ಹೊತ್ತು ಮನೆಗೆ ಬಂದರು. "ಎಲ್ರೂ ನಕ್ಕರು. ನಂಗೂ ಯಾಕೆ ತಂದೆ ಅಂತ ಗೊತ್ತಿರಲಿಲ್ಲ. ಕೈಗೆ ಅದೇ ಪರಿಚಯ, ಅಷ್ಟೇ."

ಬೀಗ, ಕೊಡೆ, ಹೊಲಿಗೆ ಯಂತ್ರ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದ ದಿನಗಳಲ್ಲಿ, ಕೆಳಗಿನ ಕ್ಷೌರಿಕ ತನ್ನ ತಂದೆಯ ರೀಲು ತಂದುಕೊಟ್ಟ. ಅದು ತಿರುಗಿತು. ಮಾತು ಬಾಯಿಂದ ಬಾಯಿಗೆ ಹೋಯಿತು. ಕ್ಷೌರದ ಕುರ್ಚಿಗಿಂತ ಒಳ್ಳೆಯ ಜಾಹೀರಾತು ಇನ್ನೊಂದಿಲ್ಲ.

ಆದರೆ ಈ ಕೆಲಸದ ಬೆಲೆ ತಮಗೇ ತಿಳಿದದ್ದು ಐದು ವರ್ಷದ ಹಿಂದೆ, ಅಣ್ಣನಿಗೆ ಲಕ್ವ ಹೊಡೆದಾಗ ಎನ್ನುತ್ತಾರೆ. ಅಣ್ಣ ಲಿಫ್ಟ್ ಮೆಕ್ಯಾನಿಕ್. ನಲವತ್ತು ವರ್ಷ ಕೆಲಸಕ್ಕೆ ಹೋಗುವ ಮುಂಚೆ ನದಿಗೆ ಹೋದವರು. ಬಲಗೈ ಸತ್ತೇ ಹೋಯಿತು. ಆಸ್ಪತ್ರೆಯಿಂದ ಬಂದವರು ಕೋಲುಗಳನ್ನೆಲ್ಲ ಪಕ್ಕದ ಮನೆಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಮಲಗಿದರು. ಊಟ ಬೇಡ, ವ್ಯಾಯಾಮ ಬೇಡ, ಮಾತೂ ಬೇಡ. ಎಂಟು ತಿಂಗಳಾದ ಮೇಲೆ ಅತ್ತಿಗೆ ಮೆಟ್ಟಿಲು ಹತ್ತಿ ಬಂದು ಈ ಕೋಣೆಯಲ್ಲಿ ಕೂತರು. "ನಿಮ್ಮಣ್ಣ ನನ್ನ ಕೈ ಮೀರಿದ್ದಾರೆ ಕಣೆ. ಬೀಗ ತೆಗೀತೀಯಲ್ಲ, ಅವರನ್ನೂ ಒಂಚೂರು ತೆಗೆದು ನೋಡು" ಎಂದರು.

ರೀಲಕ್ಕನಿಗೆ ನೆನಪಾದದ್ದು ಮೂಲೆಯಲ್ಲಿ ಬಿದ್ದಿದ್ದ ಒಂದು ವಿಚಿತ್ರ ರೀಲು. ಯಾರೋ ತಂದುಕೊಟ್ಟು ಮರಳಿ ಬಾರದೆ ಹೋದದ್ದು. ಅದಕ್ಕೆ ತಿರುಗಿಸುವ ಹಿಡಿಯೇ ಇಲ್ಲ. ದಾರ ಎಳೆದಷ್ಟೂ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ. ಕೋಲು ಹಿಡಿದ ಕೈಯ ಕಿರುಬೆರಳಿಗೆ ಎಟುಕುವಲ್ಲಿ ಒಂದು ಪುಟ್ಟ ಸನ್ನೆ, ಅಂದರೆ ಲಿವರ್. ಅದನ್ನು ಒತ್ತಿದರೆ ದಾರ ತಾನಾಗಿ ಸುತ್ತಿಕೊಳ್ಳುತ್ತದೆ. ಅಂದರೆ ಒಂದೇ ಕೈ ಸಾಕು. ಒಳಗಿನ ಸ್ಪ್ರಿಂಗು ಮಾತ್ರ ಮೂರು ತುಂಡಾಗಿತ್ತು.

ಮೊದಲು ಗೋಡೆ ಗಡಿಯಾರದ ಸ್ಪ್ರಿಂಗು ಹಾಕಿದರು. ಅದು ಚಿಮ್ಮಿ ಹೆಬ್ಬೆರಳ ಬುಡ ಸೀಳಿತು, ನಾಲ್ಕು ಹೊಲಿಗೆ ಬಿತ್ತು. ಆಮೇಲೆ ಅಲಾರಂ ಗಡಿಯಾರದ್ದು. ಅದು ಅರ್ಧ ದಾರಕ್ಕೇ ಸುಸ್ತಾಯಿತು. ಕಡೆಗೆ ಮೇಜಿನ ಗಡಿಯಾರದ್ದು ಹೊಂದಿತು. ಅದು ಓಡಿಹೋಗದಂತೆ ತಮ್ಮ ಹಳೆಯ ಕೈಚೀಲದ ತೊಗಲು ಕತ್ತರಿಸಿ ಬ್ರೇಕು ಮಾಡಿದರು. ಇಷ್ಟಕ್ಕೆ ಹನ್ನೊಂದು ವಾರ ಹಿಡಿಯಿತು.

"ಅಣ್ಣ, ಏಳು. ನದಿಗೆ ಹೋಗೋಣ" ಎಂದಾಗ ಅಣ್ಣ ತಿರುಗಲಿಲ್ಲ. "ಒಂದು ಕೈಯಲ್ಲಿ ಚಪ್ಪಾಳೆ ಆಗುತ್ತಾ?" ಎಂದರು.

"ಚಪ್ಪಾಳೆ ನಾನು ತಟ್ತೀನಿ. ನೀನು ಮೀನು ಹಿಡಿ."

ಅತ್ತಿಗೆ ಒಂದು ಕಡೆ, ತಂಗಿ ಒಂದು ಕಡೆ ಹಿಡಿದು ಅವರನ್ನು ದಂಡೆಯ ಕುರ್ಚಿಯಲ್ಲಿ ಕೂರಿಸಿದರು. ಇರುವ ಒಂದು ಕೈ ಕೋಲು ಹಿಡಿದಿರುವಾಗ ದಾರ ಎಳೆಯುವುದು ಹೇಗೆ ಎಂಬುದನ್ನು ರೀಲಕ್ಕ ಯೋಚಿಸಿಯೇ ಇರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ರೀಲನ್ನು ನೋಡಿದರು. ದಾರವನ್ನು ಹಲ್ಲಲ್ಲಿ ಕಚ್ಚಿ ಕೋಲನ್ನು ಮುಂದಕ್ಕೆ ತಳ್ಳಿದರು; ರೀಲಿನಿಂದ ಮೊಳದಷ್ಟು ದಾರ ಹೊರಬಂತು. ಮತ್ತೊಮ್ಮೆ, ಮಗದೊಮ್ಮೆ. ಎಡಗೈಯಲ್ಲಿ ಬೀಸಿದರು. ಆ ದಿನ ಏನೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಅವರಾಗಿಯೇ ಅಂಗಿ ಕೇಳಿದರು. ನಾಲ್ಕನೆಯ ದಿನ ಗೇಣುದ್ದದ ಮೀನೊಂದು ಬಿತ್ತು. ಕಿರುಬೆರಳು ಒತ್ತಿದ್ದೇ ತಡ, ಮೀನು ಗಾಳಿಯಲ್ಲಿ ಹಾರಿ ಬಂದು ಅತ್ತಿಗೆಯ ಮಡಿಲಿಗೆ ಬಿತ್ತು.

"ಎಷ್ಟು ಬಿಗಿ ಇಟ್ಟಿದ್ದೀಯೇ! ಮೀನಿಗೂ ಒಂದು ಮರ್ಯಾದೆ ಬೇಡ್ವಾ?" ಎಂದು ಅಣ್ಣ ಗದರಿದರು.

"ವರ್ಷ ಆಗ್ತಾ ಬಂದಿತ್ತು ಅವನು ನನ್ನ ಬೈದು" ಎನ್ನುವಾಗ ರೀಲಕ್ಕನ ದನಿ ತಗ್ಗುತ್ತದೆ. "ಅತ್ತಿಗೆ ನಗ್ತಿದ್ರು. ನಾನು ಗೋಡೆ ಹಿಂದೆ ಹೋಗಿ ಅತ್ತುಬಿಟ್ಟೆ."

ಅಣ್ಣನ ಸುದ್ದಿ ಕೇಳಿ ಇನ್ನೂ ಕೆಲವರು ಬಂದರು. ಮರದ ಮಿಲ್ಲಿನಲ್ಲಿ ಕೈ ಕಳೆದುಕೊಂಡವರು, ಹುಟ್ಟಿನಿಂದಲೇ ಒಂದು ಕೈ ಸಣ್ಣದಿದ್ದ ಶಾಲಾ ಶಿಕ್ಷಕಿ. ಅಣ್ಣನದನ್ನು ನೋಡಿ ಹಳೆಯ ರೀಲುಗಳಿಗೆ ಸ್ಪ್ರಿಂಗು ಕೂರಿಸಿದ್ದೂ ಸೇರಿ, ಇಂಥ ಆರು ರೀಲುಗಳು ಈಗ ನದಿಯ ಆಚೀಚೆ ಓಡಾಡುತ್ತಿವೆ. ಒಂದಕ್ಕೊಂದು ಬೇರೆ, ಒಬ್ಬೊಬ್ಬರ ಬೆರಳಿಗೆ ಒಂದೊಂದು ಅಳತೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ದೊಡ್ಡ ಅಂಗಡಿ, ಒಂದು ಸನ್ಮಾನ? ಅವರು ಬೇಡವೆಂದು ತಲೆಯಾಡಿಸುತ್ತಾರೆ. ಎಣ್ಣೆಯ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾರೆ.

"ಅಣ್ಣನ ರೀಲಿನ ಆ ಸನ್ನೆನ ಕಿರುಬೆರಳಿಗೇ ಸಿಗೋ ಹಾಗೆ ಇಟ್ಟೋರು ಯಾರೋ ಒಬ್ಬರು ಇದ್ರಲ್ಲ? ಹೆಸರೂ ಕೆತ್ತಿಲ್ಲ ಪುಣ್ಯಾತ್ಮರು. ಅವರ ಎದುರು ಕೂತು ಒಂದು ಲೋಟ ಟೀ ಕುಡೀಬೇಕು ಅಂತ ಆಸೆ."

"ಏನು ಕೇಳ್ತೀರಿ?"

"ಕೇಳೋದೇನಿದೆ? ರೀಲು ಬಿಚ್ಚಿದಾಗ ಒಳಗೆ ಎಲ್ಲ ಅವರೇ ಹೇಳಿಬಿಟ್ಟಿದ್ರು. ನಿಮ್ಮ ಸ್ಪ್ರಿಂಗು ಮುರಿದಿತ್ತು, ಬೇರೆ ಹಾಕಿದ್ದೀನಿ, ಚೆನ್ನಾಗಿ ಓಡ್ತಿದೆ ಅಂತ ಹೇಳಿ ಬರ್ತೀನಿ, ಅಷ್ಟೇ."