ಬೆನ್ನ ಹಿಂದಿನ ಸ್ಟೇಷನ್ನು

ಗಾಳಿ ಬಂದಾಗ ತೂರಿಕೊಳ್ಳುವ ಜಾಣರು ಎಲ್ಲ ಊರಿನಲ್ಲೂ ಇರುತ್ತಾರೆ. ನೆಲ್ಡಾ ಪಿಂಕ್ಲಿ ಗಾಳಿ ಬಂದಾಗ ತೂರಿಕೊಳ್ಳುತ್ತಿದ್ದುದು ಅಂಗಳದ ಮೂಲೆಯ ನೆಲಮಾಳಿಗೆಯೊಳಕ್ಕೆ. ಓಜಾರ್ಕ್ ಗುಡ್ಡಗಳ ಸಂದಿಯಲ್ಲಿರುವ ಹಿಕರಿ ಕಣಿವೆಗೆ ಮಾರ್ಚ್ ಬಂತೆಂದರೆ ಸುಂಟರಗಾಳಿಯ ಕಾಲವೂ ಬಂತು. ಜೂನ್ ಕಳೆಯುವವರೆಗೆ ಅವಳು ಮಲಗುವಾಗ ಶೂಗಳನ್ನು ಮಂಚದ ಪಕ್ಕದಲ್ಲೇ ಇಡುತ್ತಿದ್ದಳು, ಕಾಲು ತೂರಿಸಿದರೆ ಓಡುವಂತೆ. ಮನೆಪತ್ರ, ಟಾರ್ಚು, ಗಂಡನ ರಕ್ತದೊತ್ತಡದ ಮಾತ್ರೆ ಇವೆಲ್ಲ ಬಾಗಿಲಿನ ಮೊಳೆಗೆ ನೇತುಹಾಕಿದ ಒಂದು ಚೀಲದಲ್ಲಿ ಇರುತ್ತಿದ್ದವು. ಊರಿನವರಿಗೆ ಇದೊಂದು ತಮಾಷೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಹುರುಳಿಕಾಯಿ ಬೇಯಿಸಿ ಬಡಿಸಿದವಳು ಮೋಡ ಕಂಡರೆ ತಾನೇ ಬೆಂದುಹೋಗುತ್ತಾಳೆ ಎಂದು ನಗುತ್ತಿದ್ದರು.

ಅವಳು ಒಂಬತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಅಜ್ಜಿ ರೇಡಿಯೊ ಕೇಳುತ್ತಿದ್ದವಳು ತಟ್ಟನೆ ಎದ್ದು, ಅವಳನ್ನು ಜಡೆ ಹಿಡಿದೇ ಎಳೆದುಕೊಂಡು ನೆಲಮಾಳಿಗೆಗಿಳಿದಿದ್ದಳು. ಮೇಲೆ ಬಂದು ನೋಡಿದರೆ ಅವರ ಮನೆ ಇತ್ತು. ರಸ್ತೆಯಾಚೆ ಲೆಡ್‌ಬೆಟರ್ ದಂಪತಿಯ ಮನೆ ಇರಲಿಲ್ಲ. ಮುರಿದು ಬಿದ್ದಿರಲಿಲ್ಲ, ಇರಲೇ ಇಲ್ಲ. ಮೂರು ಕಲ್ಲುಮೆಟ್ಟಿಲು ಮಾತ್ರ ಯಾವ ಬಾಗಿಲಿಗೂ ಹೋಗದೆ ನಿಂತಿದ್ದವು. ಅವರ ಮನೆಯಲ್ಲಿ ರೇಡಿಯೊ ಇರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ನೆಲ್ಡಾ ಅಂದಿನಿಂದ ಹೆದರಿದ್ದು ಗಾಳಿಗಲ್ಲ, ಸುದ್ದಿ ತಿಳಿಯದೆ ಗಾಳಿಗೆ ಸಿಗುವುದಕ್ಕೆ.

ಅವಳ ಗಂಡ ಗಾರ್ಲಂಡ್ ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಗರಗಸದ ಹಲ್ಲು ಮಸೆದವನು. ಆದರೆ ಯಾರ ಮೇಲೂ ಹಲ್ಲು ಮಸೆದವನಲ್ಲ. ಶಾಂತ ಮನುಷ್ಯ. ಬೇಸ್‌ಬಾಲ್ ಆಟ, ಸಕ್ಕರೆ ಹಾಕಿದ ತಣ್ಣನೆಯ ಚಹಾ, ಒರಗುಕುರ್ಚಿ ಇಷ್ಟಿದ್ದರೆ ಅವನಿಗೆ ಸ್ವರ್ಗ. ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು, ಅವನಿಗೆ ಕೆಟ್ಟ ಮಂಡಿ. ಟಿವಿಯವರು ಎಚ್ಚರಿಕೆ ಕೊಟ್ಟಾಗಲೆಲ್ಲ ಇಳಿಯುವವನಲ್ಲ. ಟಿವಿಯ ನಕ್ಷೆಯಲ್ಲಿ ಇಡೀ ಜಿಲ್ಲೆಗೆ ಕೆಂಪು ಬಳಿಯುತ್ತಾರೆ, ಜಿಲ್ಲೆ ಐವತ್ತು ಮೈಲಿ ಉದ್ದ ಇದೆ, ಐವತ್ತು ಮೈಲಿಗೂ ಒಂದೇ ಸುಂಟರಗಾಳಿ ಸಾಲುತ್ತದೆಯೇ ಎಂಬುದು ಅವನ ವಾದ. ಕೊನೆಗೆ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಗಿತ್ತು. ಲೇಮನ್ ಟಿಲ್ಲಿ ನಮ್ಮ ಕಣಿವೆಯ ಹೆಸರು ಹೇಳಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ.

ಲೇಮನ್ ಟಿಲ್ಲಿ ಗುಡ್ಡದಾಚೆಯ ಊರಿನ ಪುಟ್ಟ ಎಫ್ಎಂ ಸ್ಟೇಷನ್ನಿನ ದನಿ. ದನದ ಮೇವಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬೆಳಿಗ್ಗೆ ಯಾರು ಸತ್ತರು, ಯಾರ ನಾಯಿ ಕಳೆಯಿತು, ಶಾಲೆಯಲ್ಲಿ ಇವತ್ತು ಊಟಕ್ಕೇನು ಎಂದು ಓದುತ್ತಿದ್ದ. ಬಿರುಗಾಳಿಯ ದಿನ ಮಾತ್ರ ಅವನ ದನಿ ಬೇರೆಯಾಗುತ್ತಿತ್ತು. ರಸ್ತೆರಸ್ತೆಯ ಹೆಸರು ಹಿಡಿದು ಕರೆಯುತ್ತಿದ್ದ: ಈಗ ಹಳೇ ಹಿಟ್ಟಿನ ಗಿರಣಿ ದಾಟಿತು, ಈಗ ಬೆತೆಲ್ ಚರ್ಚಿನ ಮೇಲಿದೆ, ಸ್ಮಶಾನದ ರಸ್ತೆಯವರು ಒಲೆ ಆರಿಸಿ ಕೆಳಗಿಳಿಯಿರಿ. ಆ ದನಿಯ ಮಾತನ್ನು ಗಾರ್ಲಂಡ್ ಕೂಡ ತಳ್ಳಿಹಾಕುತ್ತಿರಲಿಲ್ಲ.

ಕಷ್ಟವೇನೆಂದರೆ ಕಣಿವೆಯ ತಳದಲ್ಲಿದ್ದ ಅವರ ಮನೆಗೆ ಆ ದನಿ ಸೋಸಿ ಸೋಸಿ ಬರುತ್ತಿತ್ತು. ರೇಡಿಯೊ ಜೊತೆ ಬಂದಿದ್ದ ಟಿ ಆಕಾರದ ತಂತಿಯನ್ನು ಬೀರುವಿನ ಹಿಂದೆ ಮೊಳೆ ಹೊಡೆದು ಹರಡಿದ್ದರು. ಲೇಮನ್ ಸ್ಪಷ್ಟವಾಗಿ ಕೇಳಿಸಬೇಕಾದರೆ ನೆಲ್ಡಾ ಅದರ ಒಂದು ತುದಿ ಹಿಡಿದು, ಉತ್ತರ ಗೊತ್ತಿರುವ ಹುಡುಗಿ ತರಗತಿಯಲ್ಲಿ ನಿಂತಂತೆ, ಕೈಯೆತ್ತಿ ನಿಲ್ಲಬೇಕಿತ್ತು. ಹೋದ ವಸಂತದಲ್ಲಿ ಹಾಗೆ ಒಮ್ಮೆ ಒಂದು ಗಂಟೆ ನಿಂತು ಭುಜ ಹಿಡಿದುಕೊಂಡಿತು. ಈ ವರ್ಷ ಒಳ್ಳೆಯ ಆಂಟೆನಾ ಕೊಳ್ಳೋಣ ಎಂದದ್ದು ಅವಳೇ.

ಡೋಯ್ಲ್ ಮೇಬ್ರಿಯ ಟಿವಿ ರಿಪೇರಿ ಅಂಗಡಿಗೆ ಇಬ್ಬರೂ ಶನಿವಾರ ಹೋದರು. ಶನಿವಾರ ಅಲ್ಲಿ ಬೆಂಚಿನ ತುಂಬ ಕಾಫಿ ಕುಡಿಯುವ ಗಂಡಸರು. ಡೋಯ್ಲ್ ಮೂರು ಬಗೆ ತೋರಿಸಿದ. ಮೊಲದ ಕಿವಿಯಂಥ ಎರಡು ಕಡ್ಡಿಯದು ಕಣಿವೆಯಲ್ಲಿ ಕೆಲಸಕ್ಕೆ ಬಾರದು ಎಂದು ತಾನೇ ಪಕ್ಕಕ್ಕಿಟ್ಟ. ನೆಟ್ಟಗೆ ನಿಲ್ಲುವ ಒಂಟಿ ಕೋಲಿನದು ನಾಲ್ಕು ದಿಕ್ಕಿನಿಂದಲೂ ಸಮನಾಗಿ ಕೇಳಿಸಿಕೊಳ್ಳುತ್ತದೆ, ಆದರೆ ದೂರದ್ದು ಅಷ್ಟಕ್ಕಷ್ಟೆ. ಮೂರನೆಯದು ಮೀನಿನ ಮುಳ್ಳಿನ ಹಾಗೆ ಅಡ್ಡಡ್ಡ ಕಡ್ಡಿಗಳಿದ್ದದ್ದು. ನೂರು ಮೈಲಿಯಾಚೆಯದನ್ನೂ ಹಿಡಿದು ತರುತ್ತದೆ, ಆದರೆ ಮುಖ ಮಾಡಿದ ಕಡೆಯದನ್ನು ಮಾತ್ರ. ಕಣ್ಣುಪಟ್ಟಿ ಕಟ್ಟಿದ ಕುದುರೆ. ನೆಲ್ಡಾಗೆ ಸಿಡಿಲಿನ ಯೋಚನೆ. ಛಾವಣಿಯ ಮೇಲೆ ಕಬ್ಬಿಣ ನಿಲ್ಲಿಸಿದರೆ ಸಿಡಿಲನ್ನು ಕರೆದಂತಾಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಸಿಡಿಲು ಆಮಂತ್ರಣ ಪತ್ರಿಕೆ ನೋಡಿ ಬರುವುದಿಲ್ಲ, ತಾಮ್ರದ ತಂತಿ ನೆಲಕ್ಕಿಳಿಸಿ ಕೊಡುತ್ತೇನೆ ಎಂದ ಡೋಯ್ಲ್. ಆಮೇಲೆ ಕೈಯೊರೆಸಿಕೊಂಡು ಕೇಳಿದ.

"ಮಿಸ್ ನೆಲ್ಡಾ, ಆಂಟೆನಾ ಆರಿಸೋದು ಆಮೇಲೆ. ನಿಮಗೆ ಯಾವ ಸ್ಟೇಷನ್ ಬೇಕು, ಅದನ್ನ ಹೇಳಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನಿಂದ ಯಾರೋ ಅಂದರು, "ಅವಳಿಗ್ಯಾಕಯ್ಯ ಆಂಟೆನಾ? ಮೋಡ ಕಂಡ್ರೆ ಅವಳ ಕೂದಲೇ ನೆಟ್ಟಗೆ ನಿಲ್ತವಲ್ಲ, ಅದಕ್ಕೇ ತಂತಿ ಸಿಕ್ಸು." ಬೆಂಚು ಪೂರಾ ನಕ್ಕಿತು. ಗಾರ್ಲಂಡ್ ಕೂಡ ತುಸು ನಕ್ಕು, "ಬೇಸ್‌ಬಾಲ್ ಚೆನ್ನಾಗಿ ಬಂದ್ರೆ ಸಾಕಪ್ಪ," ಎಂದ. ನೆಲ್ಡಾ ಒಂಟಿಕೋಲಿನ ಕಡೆ ನೋಡಿದಳು. ಲೇಮನ್‌ನ ಹೆಸರು ನಾಲಗೆ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿ, ನಮ್ಮ ಯಜಮಾನರಿಗೆ ಯಾವುದು ಬೇಕೋ ಅದೇ ಇರಲಿ ಎಂದುಬಿಟ್ಟಳು. ನಗೆಗೆ ಹೆದರಿ ಗಾಳಿಯನ್ನು ಮರೆತ ಒಂದೇ ಒಂದು ಕ್ಷಣ ಅದು.

ಸೋಮವಾರ ಡೋಯ್ಲ್ ಬಂದು ಗೋಡೆಗೆ ಕಬ್ಬಿಣದ ಪಟ್ಟಿ ಹೊಡೆದು, ಎತ್ತರದ ಪೈಪು ನಿಲ್ಲಿಸಿ, ಅದರ ತುದಿಗೆ ಮೀನಿನ ಮುಳ್ಳು ಏರಿಸಿದ. ಯಾವ ಕಡೆ ಮುಖ ಎಂದು ಕೇಳಲೂ ಇಲ್ಲ. ಹಿಕರಿ ಕಣಿವೆಯ ಛಾವಣಿಗಳ ಮೇಲಿನ ಆಂಟೆನಾಗಳೆಲ್ಲ, ಟಿವಿಯದಾಗಲಿ ರೇಡಿಯೊದ್ದಾಗಲಿ, ಸೂರ್ಯಕಾಂತಿ ಹೂವಿನ ಹಾಗೆ ವಾಯವ್ಯಕ್ಕೆ, ದೊಡ್ಡ ಪಟ್ಟಣದ ಕಡೆಗೆ ತಿರುಗಿದ್ದವು. ಅಪ್ಪ ತಿರುಗಿಸಿದ ಕಡೆ ಮಗ ತಿರುಗಿಸಿದ್ದ. ಡೋಯ್ಲ್ ಹೊರಗೆ ಪೈಪು ತಿರುವುತ್ತ, ಗಾರ್ಲಂಡ್ ಕಿಟಕಿಯಲ್ಲಿ ಬಂತು, ಹೋಯ್ತು, ಸ್ವಲ್ಪ ಹಿಂದೆ ಎನ್ನುತ್ತ, ಕೊನೆಗೆ ಬಿಗಿದರು. ಬೇಸ್‌ಬಾಲ್ ಎಷ್ಟು ಚೆನ್ನಾಗಿ ಬಂತೆಂದರೆ ಮೈದಾನದಲ್ಲಿ ಕಡಲೇಕಾಯಿ ಮಾರುವವನ ಕೂಗೂ ಕೇಳಿಸಿತು. ಗಾರ್ಲಂಡ್ ಖುಷಿಯಲ್ಲಿ ಹಳೇ ಟಿ ತಂತಿ ಕಿತ್ತು ಟೊಮೆಟೊ ಗಿಡ ಕಟ್ಟಲು ಒಯ್ದ.

ನೆಲ್ಡಾ ಲೇಮನ್ ಇರುವ ಕಡೆಗೆ ಗುಂಡಿ ತಿರುಗಿಸಿದಳು. ಅಲ್ಲಿ ಯಾವುದೋ ದೂರದೂರಿನ ಪಾದ್ರಿ ನರಕದ ವರ್ಣನೆ ಮಾಡುತ್ತಿದ್ದ. ಡೋಯ್ಲ್ ಏಣಿ ಮಡಿಸುತ್ತ, ಆ ಸ್ಟೇಷನ್ನು ಈಗ ಆಂಟೆನಾದ ಬೆನ್ನ ಹಿಂದಾಯಿತು, ಬೆನ್ನ ಹಿಂದೆ ಆಡಿದ ಮಾತು ಇದಕ್ಕೆ ಕೇಳಿಸುವುದಿಲ್ಲ, ಹಾಗಿರುವ ಮನುಷ್ಯರೇ ಅಪರೂಪ ಎಂದು ನಗಾಡಿದ. ಅವಳೂ ನಕ್ಕಳು. ನಗುತ್ತಲೇ ಗುಂಡಿಯನ್ನು ಇನ್ನೊಮ್ಮೆ ಆಚೀಚೆ ತಿರುಗಿಸಿ ನೋಡಿದಳು.

ಹತ್ತೊಂಬತ್ತು ದಿನ ಲೇಮನ್‌ನ ಜಾಗದಲ್ಲಿ ಪಾದ್ರಿಯೇ ಇದ್ದ. ಇಪ್ಪತ್ತನೆಯ ದಿನ ಭಾನುವಾರ. ಊಟ ಮುಗಿದ ಹೊತ್ತಿಗೆ ಗಾಳಿ ಪೂರ್ತಿ ನಿಂತುಹೋಯಿತು. ಆಕಾಶ ಹಳೆಯ ಪೆಟ್ಟಿನ ಗುರುತಿನಂತೆ ಹಸಿರುಗಟ್ಟಿತು. ಹಕ್ಕಿಯ ಸದ್ದಿಲ್ಲ. ಟಿವಿ ನಕ್ಷೆಯಲ್ಲಿ ಜಿಲ್ಲೆ ಕೆಂಪಾಯಿತು. ಗಾರ್ಲಂಡ್ ಒರಗುಕುರ್ಚಿಯಲ್ಲಿ ಕೂತು ಆಟದ ದನಿಯನ್ನು ಇನ್ನಷ್ಟು ಜೋರು ಮಾಡಿದ. ನೆಲ್ಡಾ ಚೀಲ ಹೆಗಲಿಗೇರಿಸಿ ಎದುರು ನಿಂತಳು.

"ಏಳ್ರೀ, ಹೋಗೋಣ."

"ಲೇಮನ್ ಕರೀಲಿ, ಬರ್ತೀನಿ."

"ಲೇಮನ್ ಬರ್ತಾನೇ ಇಲ್ವಲ್ಲ."

"ಹಾಗಾದ್ರೆ ನಾನೂ ಬರಲ್ಲ ಬಿಡು."

ಒಬ್ಬಳೇ ಇಳಿಯಬಹುದಿತ್ತು. ನೆಲಮಾಳಿಗೆಯೊಳಗೆ ತಾನು, ಮೇಲೆ ಅವನು, ನಡುವೆ ಮರದ ಬಾಗಿಲು ಎಂದು ಯೋಚಿಸಿದೊಡನೆ ಮೂರು ಕಲ್ಲುಮೆಟ್ಟಿಲು ಕಣ್ಣಮುಂದೆ ಬಂದವು. ಕೊಟ್ಟಿಗೆಯಿಂದ ಪೈಪು ತಿರುವುವ ಕಬ್ಬಿಣದ ಪಾನ ಹಿಡಿದು ಹೊರಗೆ ಬಂದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಪಾನ ಪೈಪಿಗೆ ತಾಗಿ ಗಂಟೆ ಬಾರಿಸಿದಂತಾಯಿತು. ಇಡೀ ಜೀವನದಲ್ಲಿ ಯಾವುದನ್ನು ಮಾಡಬಾರದೆಂದು ಶಾಲೆಯ ಮಕ್ಕಳಿಗೆಲ್ಲ ಹೇಳಿದ್ದಳೋ ಅದನ್ನೇ ಮಾಡುತ್ತಿದ್ದಳು. ಗುಡುಗುವ ಆಕಾಶದ ಕೆಳಗೆ ಮೂವತ್ತಡಿ ಕಬ್ಬಿಣವನ್ನು ತಬ್ಬಿಕೊಂಡು ನಿಂತಿದ್ದಳು. ಗುಡ್ಡದ ಮೇಲೆ ಮಿಂಚಿತು. ಒಂದು, ಎರಡು, ಮೂರು ಎಂದು ಎಣಿಸುವಷ್ಟರಲ್ಲಿ ಗುಡುಗಿತು. ಪೈಪು ಅಂಗೈಯೊಳಗೆ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ತಾಮ್ರದ ತಂತಿಯ ಮೇಲೆ ಭಾರ ಹಾಕಿ, ಕಣ್ಣುಮುಚ್ಚಿ ತಿರುವಿದಳು.

ಆಟ ಕೆಟ್ಟಿತೆಂದು ಗಾರ್ಲಂಡ್ ಎದ್ದು ಕಿಟಕಿಗೆ ಬಂದ. ಅವಳನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಬಿಟ್ಟು ಒಳಗೆ ಬಾ ಎಂದ. ಲೇಮನ್‌ನನ್ನು ಹುಡುಕು, ಅಲ್ಲಿವರೆಗೆ ಬರುವುದಿಲ್ಲ ಎಂದಳು. ಅವನು ರೇಡಿಯೊದ ಗುಂಡಿಗೆ ಕೈಹಾಕಿದ.

"ಬಂತಾ?"

"ಇಲ್ಲ. ಪಾದ್ರಿ ಇದಾನೆ."

ಇನ್ನೊಂದು ಗೇಣು ತಿರುವಿದಳು. ಅಷ್ಟರಲ್ಲಿ ಗಾಳಿ ಎದ್ದಿತು, ಗುಡ್ಡದ ಕಡೆಯಿಂದಲ್ಲ, ನೆಲದ ಮೇಲಿಂದ, ಒಣಗಿದ ಎಲೆಗಳನ್ನೆಲ್ಲ ಒಂದೇ ಕಡೆಗೆ ಎಳೆದುಕೊಳ್ಳುತ್ತ.

"ಈಗ?"

"ಪಾದ್ರಿ ಹೋದ. ಬರೀ ಸುಯ್ ಅಂತಿದೆ."

ಮೀನಿನ ಮುಳ್ಳು ಊರಿನ ಆಂಟೆನಾಗಳಿಗೆಲ್ಲ ಬೆನ್ನು ತೋರಿಸುವವರೆಗೆ ತಿರುವಿದಳು. "ಬಂತಾ?" ಎಂದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಉತ್ತರವಿಲ್ಲ. ಇನ್ನೂ ಸಾಲದೇನೋ ಎಂದು ಪಾನ ಬಿಗಿಹಿಡಿದು ಕಿಟಕಿಯತ್ತ ನೋಡಿದರೆ ಗಾರ್ಲಂಡ್ ಗುಂಡಿಯ ಮೇಲೆ ಕೈಯಿಟ್ಟು, ಬಾಯಿ ಅರ್ಧ ತೆರೆದು, ಅಲ್ಲಾಡದೆ ನಿಂತಿದ್ದ. ಅವನ ಹಿಂದಿನಿಂದ ಲೇಮನ್ ಟಿಲ್ಲಿಯ ದನಿ ನೀರಿನಷ್ಟು ತಿಳಿಯಾಗಿ ಬರುತ್ತಿತ್ತು. ಹಿಕರಿ ಕಣಿವೆಯವರು, ಸೇತುವೆಯಿಂದ ಒಳಗಿನವರೆಲ್ಲ, ಏನನ್ನೂ ಎತ್ತಿಕೊಳ್ಳಬೇಡಿ, ಈಗಲೇ ಇಳಿಯಿರಿ. ಎಷ್ಟನೆಯ ಸಲ ಹೇಳುತ್ತಿದ್ದನೋ, ದನಿ ಒಡೆದಿತ್ತು.

ಪಾನ ಎಲ್ಲಿ ಬಿತ್ತೋ ಅವಳಿಗೆ ಗೊತ್ತಿಲ್ಲ. ಒಳಗೆ ನುಗ್ಗಿ ಗಂಡನ ಅಂಗಿಯ ಕಾಲರು ಹಿಡಿದಳು. ಅಂಗಳ ದಾಟಿ ಹನ್ನೊಂದು ಮೆಟ್ಟಿಲನ್ನು ಅವನು ಇಳಿದನೋ ಅವಳು ಇಳಿಸಿದಳೋ, ಅಂತೂ ಬಾಗಿಲು ಎಳೆದುಕೊಂಡು ಸರಪಳಿಯನ್ನು ಮುಂಗೈಗೆ ಸುತ್ತಿಕೊಂಡು ಕತ್ತಲಲ್ಲಿ ಕೂತರು. ಕಿವಿ ಗವ್ವೆಂದು ಮುಚ್ಚಿಹೋಯಿತು. ಆಮೇಲೆ ಆ ಸದ್ದು ಬಂತು. ಬಾಗಿಲು ಮೇಲಕ್ಕೆ ಜಗ್ಗಿತು, ಸರಪಳಿ ಮಾಂಸಕ್ಕೆ ಇಳಿಯಿತು. ಏನೋ ದೊಡ್ಡದು ಒಡೆಯಿತು, ಮತ್ತೇನೋ ದೊಡ್ಡದು ಉರುಳಿತು. ಮನೆಯ ಮುಂಭಾಗ, ಕಿಟಕಿ, ರೇಡಿಯೊ ಸಮೇತ ಹೋಗಿದೆ ಎಂಬುದನ್ನು ಅವರು ಇನ್ನು ಸ್ವಲ್ಪ ಹೊತ್ತಿನಲ್ಲಿ ನೋಡಲಿದ್ದರು.

ಸದ್ದು ದೂರವಾದ ಮೇಲೂ ಇಬ್ಬರೂ ಏಳಲಿಲ್ಲ. ಗಾರ್ಲಂಡ್‌ನ ಹಲ್ಲುಗಳು ಕಟಕಟ ಎನ್ನುವುದು ಕೇಳಿಸಿತು. ಚಳಿ ಇರಬೇಕು ಎಂದುಕೊಂಡಳು.

"ಲೇಮನ್ ನಮ್ಮ ಕಣಿವೆ ಹೆಸರು ಹೇಳಿದ್ದು ಮೊದಲ್ನೇ ಸಲಕ್ಕೇ ಕೇಳ್ತು ಕಣೇ," ಎಂದ ಗಾರ್ಲಂಡ್. "ಬಾಯಿಂದ ಮಾತೇ ಹೊರಡ್ಲಿಲ್ಲ. ಕಾಲೂ ಏಳ್ಲಿಲ್ಲ."

ಅವಳು ಅವನ ಪಕ್ಕಕ್ಕೆ ಸರಿದು ಕೂತಳು.

"ಯಾವಾಗ್ಲೂ ಹಂಗೇ. ಆಟದ ಸದ್ದು ಜೋರು ಮಾಡ್ತಿದ್ದೆ ನೋಡು, ಗಾಳಿ ಕೇಳಿಸ್ಬಾರ್ದು ಅಂತ. ಮಂಡಿ ಗಿಂಡಿ ಎಲ್ಲ ಸುಳ್ಳು. ಕೆಳಗಿಳಿದ್ರೆ ಅದು ನಿಜ ಆಗ್ಬಿಡುತ್ತೆ ಅನ್ನಿಸ್ತಿತ್ತು."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹೆದರುವ ಕೆಲಸ ತನ್ನದು, ಹೆದರದಿರುವ ಕೆಲಸ ಅವನದು ಎಂದು ಅವಳು ನಂಬಿದ್ದಳು. ಅವನ ಆ ಕುರ್ಚಿಯನ್ನು ನಂಬಿಯೇ ಅವಳು ಅಷ್ಟು ಧೈರ್ಯವಾಗಿ ಹೆದರುತ್ತಿದ್ದದ್ದು. ಈಗ ಕತ್ತಲಲ್ಲಿ ತನ್ನ ಕೈ ಹುಡುಕುತ್ತಿದ್ದ ಅವನ ಕೈ ತನ್ನದಕ್ಕಿಂತ ಹೆಚ್ಚು ನಡುಗುತ್ತಿರುವುದು ತಿಳಿದಾಗ, ಬಿರುಗಾಳಿಗೂ ಹುಟ್ಟದಿದ್ದ ಒಂದು ಹೊಸ ಭಯ ಅವಳಲ್ಲಿ ಹುಟ್ಟಿತು. ಸರಪಳಿ ಬಿಡಿಸಿ ಬಾಗಿಲು ತಳ್ಳುವವರು ಇನ್ನು ಅವಳೊಬ್ಬಳೇ.

"ಇನ್ನೊಂದ್ ನಿಮಿಷ ಇರೋಣ ಕಣೇ," ಎಂದ ಗಾರ್ಲಂಡ್.

ಇದ್ದರು.